ಕಣ್ಣಿಗೆ ಬೀಳದ ಕಡೆ

ಹಳೆಯ ಜಿಪ್ಸಿಯನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಹೆಚ್ಚಿನ ಕೆಲಸವನ್ನು ನೆಲಕ್ಕೆ ಬೆನ್ನು ಹಚ್ಚಿ ಮಲಗಿಯೇ ಮಾಡಬೇಕು. ಬಾನೆಟ್ ಎತ್ತಿದರೆ ಕಾಣುವ ಎಂಜಿನ್ನಿಗಿಂತ, ಪೇಂಟು ಹೊಡೆದು ಮಿಂಚಿಸುವ ಬಾಡಿಗಿಂತ, ನೆಲದ ಕಡೆಗೆ ಮುಖ ಮಾಡಿಕೊಂಡಿರುವ ಭಾಗಗಳೇ ಈ ಗಾಡಿಯಲ್ಲಿ ಹೆಚ್ಚು ಆರೈಕೆ ಕೇಳುತ್ತವೆ. ಚಾಸಿ, ಆಕ್ಸಲ್, ಲೀಫ್ ಸ್ಪ್ರಿಂಗ್, ಬ್ರೇಕ್ ಪೈಪು, ಸ್ಟೀರಿಂಗಿನ ಕೀಲುಗಳು ಇವನ್ನೆಲ್ಲ ದಾರಿಹೋಕರು ನೋಡುವುದಿಲ್ಲ. ಗಾಡಿ ಕೊಳ್ಳಲು ಬಂದವರಲ್ಲೂ ಬಗ್ಗಿ ನೋಡುವವರು ಕಡಿಮೆ. ಆದರೆ ಒಳಗೆ ಕೂತವರ ಜೀವ, ಎದುರಿಗೆ ಬರುವವರ ಜೀವ ನಿಂತಿರುವುದು ಅಲ್ಲಿಯೇ. ಯಾರೂ ನೋಡದ ಕಡೆ ನಮ್ಮ ಕೆಲಸ ಹೇಗಿರಬೇಕು ಎಂದು ಇಷ್ಟು ನೇರವಾಗಿ ಕೇಳುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಮಾರುತಿ ಜಿಪ್ಸಿ ನಮ್ಮ ರಸ್ತೆಗಳಿಗೆ ಬಂದದ್ದು 1985ರಲ್ಲಿ. ಸುಜುಕಿಯ ಎಸ್‌ಜೆ 410 ಅದರ ಮೂಲ. ಮೊದಲಿಗೆ ಇದ್ದದ್ದು 970 ಸಿಸಿಯ ಸಣ್ಣ ಪೆಟ್ರೋಲ್ ಎಂಜಿನ್. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳಲ್ಲಿ ದುಡಿದ ಈ ಗಾಡಿ, ಸೇನೆಯ ಹರಾಜುಗಳ ಮೂಲಕ ಸಾಮಾನ್ಯರ ಅಂಗಳಕ್ಕೂ ಬಂತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದ ಜಾರು ದಾರಿಗಳಲ್ಲಿ ಇಂದಿಗೂ ಓಡುತ್ತಿದೆ. 2019ರ ಹೊತ್ತಿಗೆ ಸಾಮಾನ್ಯರಿಗೆ ಅದರ ಮಾರಾಟ ನಿಂತಿತು. 2023ರಲ್ಲಿ ಅದೇ ವಂಶದ ಜಿಮ್ನಿ ಬಂದಿದೆಯಾದರೂ ಹಳೆಯದನ್ನು ಬಿಡಲೊಪ್ಪದವರು ಬಹಳ ಮಂದಿ ಇದ್ದಾರೆ. ತೂಕ ಸುಮಾರು ಒಂದು ಟನ್, ರಚನೆ ಸರಳ. ಸ್ಪ್ಯಾನರ್ ಸೆಟ್, ಜಾಕ್, ಗ್ರೀಸ್ ಗನ್ ಮತ್ತು ತಾಳ್ಮೆ ಇರುವವರಿಗೆ ಅದು ತನ್ನನ್ನು ಬಿಚ್ಚಿ ತೋರಿಸುತ್ತದೆ.

ಮುಂಗಾರಿನಲ್ಲಿ ತುಂಬಿದ ಹಳ್ಳವೊಂದನ್ನು ಈ ಗಾಡಿ ದಾಟಿತು ಎನ್ನಿ. ಓಡಿ ಕಾದಿದ್ದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದ ಕೂಡಲೇ ಅದರೊಳಗಿನ ಗಾಳಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಒಳಕ್ಕೆ ಬರಲೆಂದೇ ಆಕ್ಸಲ್ ಮೇಲೆ ಬ್ರೀದರ್ ಎಂಬ ಪುಟ್ಟ ಉಸಿರುಗಂಡಿ ಇಟ್ಟಿರುತ್ತಾರೆ. ಅದು ಕೆಸರು ಕಟ್ಟಿಕೊಂಡು ಮುಚ್ಚಿಹೋಗಿದ್ದರೆ, ಆಕ್ಸಲ್ ಸವೆದ ಆಯಿಲ್ ಸೀಲುಗಳ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರೇ ನೀರಿನಲ್ಲಿ ಮುಳುಗಿದರೂ ಅಪಾಯ ತಪ್ಪಿದ್ದಲ್ಲ. ಪದೇ ಪದೇ ಹಳ್ಳ ದಾಟಬೇಕಾದವರು ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಎತ್ತರಕ್ಕೆ ಒಯ್ದು ಕಟ್ಟುವುದು ಈ ಕಾರಣಕ್ಕೆ. ನೀರು ಸೇರಿದ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಾಣಬೇಕಾದರೆ ಗಾಡಿಯಡಿ ನುಸುಳಿ ಡ್ರೇನ್ ಬೋಲ್ಟ್ ಬಿಚ್ಚಬೇಕು.

ಬಿಚ್ಚದಿದ್ದರೆ ಅಂದು ಏನೂ ಆಗುವುದಿಲ್ಲ. ಮರುದಿನವೂ, ಮರುವಾರವೂ ಗಾಡಿ ಎಂದಿನಂತೆ ಓಡುತ್ತದೆ. ಒಳಗೆ ಬೇರಿಂಗುಗಳು ತುಕ್ಕು ಹಿಡಿಯುತ್ತಿರುತ್ತವೆ, ಗೇರಿನ ಹಲ್ಲುಗಳು ಸವೆಯುತ್ತಿರುತ್ತವೆ. ತಿಂಗಳುಗಳ ಮೇಲೆ ಒಂದು ದಿನ ಗರಗರ ಸದ್ದು ಬರುವಾಗ ಆ ಹಳ್ಳದ ನೆನಪೂ ಇರುವುದಿಲ್ಲ. ಬಿಟ್ಟ ಕೆಲಸಕ್ಕೂ ಅದರ ಫಲಕ್ಕೂ ನಡುವೆ ಇರುವ ಈ ದೂರವೇ ಮನುಷ್ಯನನ್ನು ಕೆಡಿಸುವುದು. ತಪ್ಪಿಗೆ ಆ ಕ್ಷಣದಲ್ಲೇ ಏಟು ಬೀಳುವಂತಿದ್ದರೆ ನಾವೆಲ್ಲ ಎಂದೋ ಸರಿಯಾಗಿರುತ್ತಿದ್ದೆವು. ಏಟು ತಡವಾಗಿ ಬರುತ್ತದೆ, ಕೆಲವೊಮ್ಮೆ ಬೇರೆಯವರ ಮೇಲೆ ಬೀಳುತ್ತದೆ. ಹಾಗಾಗಿ ಗಾಡಿ ಇನ್ನೂ ಓಡುತ್ತಿರುವಾಗಲೇ, ಯಾರೂ ದೂರದಿರುವಾಗಲೇ ಆ ಬೋಲ್ಟ್ ಬಿಚ್ಚಿ ನೋಡುವ ಮನಸ್ಸನ್ನು ಬೆಳೆಸಿಕೊಳ್ಳಬೇಕು. ಅದು ತಾನಾಗಿ ಬರುವುದಿಲ್ಲ.

ಬ್ರೇಕ್ ಆಯಿಲ್ ವಿಷಯ ಇನ್ನೂ ಗಂಭೀರ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದಾದರೆ, ಹೊಸದಿರುವಾಗ ಅದರ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿಯ ತಿರುವುಗಳನ್ನು ಬ್ರೇಕ್ ಒತ್ತುತ್ತಲೇ ಇಳಿಯುವಾಗ ಚಕ್ರದ ಬಳಿ ಬಿಸಿ ಏರುತ್ತದೆ, ತೇವ ಹೀರಿದ ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆವಿಯಾದರೋ ಕುಗ್ಗಿಬಿಡುತ್ತದೆ. ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುತ್ತಿದ್ದದ್ದು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕೆಂದು ತಿಳಿದವರು ಹೇಳುವುದು, ಎರಡೂ ಇದಕ್ಕಾಗಿಯೇ.

ಬ್ರೇಕ್ ಆಯಿಲ್ ಬದಲಿಸುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ಬಿಡಬೇಕು. ನಮ್ಮ ಮನೆಯಲ್ಲಿ ಪೆಡಲ್ ಒತ್ತಲು ಮಗಳು ಕೂರುತ್ತಾಳೆ. "ಒತ್ತು ಮಗಾ, ಹಿಡ್ಕೋ, ಈಗ ಬಿಡು" ಎಂದು ನಾನು ಕೆಳಗಿನಿಂದ ಕೂಗುತ್ತೇನೆ. ಅವಳಿಗೆ ನಾನು ಕಾಣುವುದಿಲ್ಲ. ನಾನು ನಿಪ್ಪಲ್ ಸರಿಯಾಗಿ ಬಿಗಿದೆನೋ ಇಲ್ಲವೋ ಅವಳಿಗೆ ತಿಳಿಯುವುದಿಲ್ಲ. ನಾಳೆ ಅದೇ ಗಾಡಿಯಲ್ಲಿ ಅವಳು ಘಾಟಿ ಇಳಿಯುತ್ತಾಳೆ. ಲೋಕದಲ್ಲಿ ನಾವು ಹತ್ತುವ ಬಸ್ಸು, ದಾಟುವ ಸೇತುವೆ, ನುಂಗುವ ಮಾತ್ರೆ ಎಲ್ಲದರ ಹಿಂದೆಯೂ ಹೀಗೆ ನಮಗೆ ಕಾಣದೆ ಕೆಲಸ ಮಾಡಿದವರೊಬ್ಬರು ಇದ್ದಾರೆ. ನಮ್ಮ ಬದುಕು ನಡೆಯುತ್ತಿರುವುದು ಅವರ ಮೇಲಿಟ್ಟ ನಂಬಿಕೆಯಿಂದ. ಗಾಡಿಯಡಿ ಮಲಗಿದಾಗ ಆ ನಂಬಿಕೆಗೆ ಅರ್ಹರಾಗುವ ಸರದಿ ನಮ್ಮದು.

ಈ ಪಾಠವನ್ನು ನಾನು ಕಂಡದ್ದು ಮಲೆನಾಡಿನ ಒಂದು ಸಣ್ಣ ಗ್ಯಾರೇಜಿನಲ್ಲಿ. ಸ್ಟೀರಿಂಗಿನ ಟೈ ರಾಡ್ ಎಂಡಿನ ನಟ್ಟು ಸಡಿಲಾಗದಂತೆ ತಡೆಯಲು ಅದಕ್ಕೊಂದು ಸ್ಪ್ಲಿಟ್ ಪಿನ್ ತೂರಿಸಿ ಬಾಗಿಸುತ್ತಾರೆ. ಕೆಲವೇ ರೂಪಾಯಿಯ ಸಾಮಾನು. ಕೆಲಸ ಕಲಿಯುತ್ತಿದ್ದ ಹುಡುಗ ಬಿಚ್ಚಿದ ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಲು ಹೊರಟಿದ್ದ. ಮೇಸ್ತ್ರಿ ಅದನ್ನು ಕೈಯಿಂದ ತೆಗೆದುಕೊಂಡು, "ಒಂದ್ಸಲ ಬಗ್ಗಿಸಿದ್ದನ್ನ ಮತ್ತೆ ಹಾಕ್ಬೇಡ ಮಾರಾಯ. ತುಂಡಾದ್ರೆ ಆ ಮನೆಯವ್ರು ನಿನ್ನನ್ನ ಹುಡ್ಕಿಕೊಂಡು ಬರೋ ಸ್ಥಿತೀಲಿ ಇರಲ್ಲ" ಎಂದರು. ಬಿಲ್ಲಿನಲ್ಲಿ ಆ ಪಿನ್ನಿನ ಲೆಕ್ಕವೇ ಇರಲಿಲ್ಲ. ಅವರಿಂದಲೇ ನಾನು ಇನ್ನೊಂದನ್ನೂ ಕಲಿತೆ: ಬರೀ ಜಾಕ್ ಮೇಲೆ ನಿಂತ ಗಾಡಿಯಡಿ ಎಂದೂ ಹೋಗಬಾರದು. ಗಟ್ಟಿ ನೆಲ, ಚಕ್ರಕ್ಕೆ ಅಡ್ಡ, ಚಾಸಿಗೆ ಸ್ಟ್ಯಾಂಡು ಇಷ್ಟಾದ ಮೇಲೆಯೇ ಒಳಗೆ ನುಸುಳಬೇಕು. ಮನೆಯಲ್ಲಿ ರಿಪೇರಿ ಮಾಡುವುದೆಂದರೆ ಎಲ್ಲವನ್ನೂ ನಾವೇ ಮಾಡುವುದೆಂದಲ್ಲ. ಕಿಂಗ್‌ಪಿನ್ ಬೇರಿಂಗ್ ಸವೆದು ಸ್ಟೀರಿಂಗ್ ನಡುಗುವಾಗ, ಚಾಸಿಗೆ ವೆಲ್ಡಿಂಗ್ ಬೇಕಾದಾಗ, ಪಳಗಿದ ಕೈಗೆ ಒಪ್ಪಿಸಿ ಪಕ್ಕದಲ್ಲಿ ನಿಂತು ಕಲಿಯುವುದೇ ಧರ್ಮ. ಆ ಕೈಗಳ ಬೆಲೆ ತಿಳಿಯುವುದೂ ನಾವೇ ಒಂದು ಜಾಮ್ ಆದ ನಟ್ಟಿನೊಡನೆ ಮಧ್ಯಾಹ್ನವಿಡೀ ಸೆಣಸಿದ ಮೇಲೆ. ಆಮೇಲೆ ಅವರ ಮಜೂರಿಗೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಆಯುಧ ಪೂಜೆಯ ದಿನ ನಾವೆಲ್ಲ ಗಾಡಿ ತೊಳೆಯುತ್ತೇವೆ. ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ನಮಗಾಗಿ ದುಡಿಯುವ ಕಬ್ಬಿಣಕ್ಕೂ ಕೃತಜ್ಞತೆ ಸಲ್ಲಿಸುವ ಈ ಹಬ್ಬ ನನಗೆ ಬಹಳ ಪ್ರಿಯ. ಅದು ಬರುವುದು ಮಳೆಗಾಲದ ಕೊನೆಗೆ. ಮಲೆನಾಡಿನ ಗಾಡಿಗಳ ಅಡಿಯಲ್ಲಿ ಆ ಹೊತ್ತಿಗೆ ನಾಲ್ಕು ತಿಂಗಳ ಕೆಸರು ಕೂತಿರುತ್ತದೆ. ಚಾಸಿಯ ಟೊಳ್ಳಿನಲ್ಲಿ, ಬಾಡಿ ಬೋಲ್ಟಿನ ಸುತ್ತ, ಸ್ಪ್ರಿಂಗ್ ಶ್ಯಾಕಲ್ ಬಳಿ ಸೇರಿದ ಹಸಿ ಮಣ್ಣು ಒಣಗುವುದೇ ಇಲ್ಲ. ಅಲ್ಲಿಂದಲೇ ತುಕ್ಕು ಹೊರಡುತ್ತದೆ. ಆ ಮಣ್ಣನ್ನು ಕೆರೆದು, ನೀರು ಇಳಿದುಹೋಗಲೆಂದು ಮಾಡಿದ ತೂತುಗಳನ್ನು ತಂತಿಯಿಂದ ಬಿಡಿಸಿ, ತುಕ್ಕನ್ನು ಉಜ್ಜಿ ಪ್ರೈಮರ್ ಬಳಿದು, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೆ ಗ್ರೀಸ್ ಕೊಟ್ಟರೆ ಹಾರ ಹಾಕುವ ಮುಂಚೆಯೇ ಅರ್ಧ ಪೂಜೆ ಮುಗಿದಂತೆ.

ಹಳೆಯ ಎಂಜಿನ್ ಆಯಿಲ್ ಏನಾಗುತ್ತದೆ ಎಂಬುದೂ ಕಣ್ಣಿಗೆ ಬೀಳದ ವಿಷಯವೇ. ಪ್ರತಿ ಸಲ ಬದಲಿಸುವಾಗಲೂ ಮೂರೂವರೆ ನಾಲ್ಕು ಲೀಟರ್ ಕಪ್ಪು ಎಣ್ಣೆ ಹೊರಬೀಳುತ್ತದೆ. ಬೇಲಿ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯುವ, ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುರಿಯುವ ರೂಢಿ ನಮ್ಮ ಕಡೆ ಇದೆ. ಎಂಜಿನ್ನಿನಲ್ಲಿ ಕಾದು ಬಳಸಿಹೋದ ಆ ಎಣ್ಣೆಯಲ್ಲಿ ಲೋಹದ ಕಣಗಳೂ ವಿಷಕಾರಿ ರಾಸಾಯನಿಕಗಳೂ ಇರುತ್ತವೆ. 2016ರ ಕೇಂದ್ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಸಾಲಿನಲ್ಲೇ ಇಟ್ಟಿವೆ. ಡಬ್ಬಿಯಲ್ಲಿ ಹಿಡಿದು, ಮುಚ್ಚಳ ಬಿಗಿದು, ಅಧಿಕೃತ ಸಂಸ್ಕರಣೆದಾರರಿಗೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಟ್ಟು ಬರುವುದು ಸ್ವಲ್ಪ ತೊಂದರೆಯ ಕೆಲಸ, ನಿಜ. ಸುರಿದವರನ್ನು ಯಾರೂ ಹಿಡಿಯುವುದಿಲ್ಲ ಎಂಬುದೂ ನಿಜ. ಆದರೆ ಅದೇ ಮಣ್ಣಿನಡಿಯ ನೀರು ಯಾರದೋ ಬಾವಿಗೆ ಹೋಗುತ್ತದೆ. ನಮ್ಮ ಗಾಡಿಯ ಹೊಟ್ಟೆಯನ್ನು ಶುಚಿ ಮಾಡಿ ನೆರೆಯವರ ಬಾವಿಯನ್ನು ಕೆಡಿಸಿದರೆ ಅದನ್ನು ಆರೈಕೆ ಎನ್ನಲಾಗದು.

ಆರೈಕೆಯೆಂದರೆ ಮಿತಿಯರಿತು ಬಳಸುವುದೂ ಹೌದು ಎಂಬುದನ್ನು ಫೋರ್‌ವೀಲ್ ಲಿವರ್ ಕಲಿಸುತ್ತದೆ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದಾಗ, ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕಾದರೂ ಎರಡೂ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ಬಿಗಿತ ಸಡಿಲಾಗುತ್ತದೆ. ಒಣ ಡಾಂಬರಿನಲ್ಲಿ ಹಾಗಾಗದೆ ಶಾಫ್ಟು ಗೇರುಗಳು ತಿರುಚಿಕೊಳ್ಳುತ್ತವೆ. ಬೇಕಾದಲ್ಲಷ್ಟೇ ಬಳಸು ಎಂದು ಯಂತ್ರವೇ ಹೇಳುತ್ತದೆ. ನೆಲದ ವಿಷಯದಲ್ಲೂ ಆ ಮಿತಿ ಬೇಕು. ತೋಟಕ್ಕೆ ಗೊಬ್ಬರ ಒಯ್ಯಲು, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸಲು ಇರುವ ಶಕ್ತಿಯನ್ನು ಹುಲ್ಲುಗಾವಲ ಬೆಟ್ಟಗಳ ಮೈ ಗೀರಲು ಬಳಸಬಾರದು. ಚಕ್ರ ಉಳಿಸಿದ ಗೆರೆಯಲ್ಲಿ ಮಳೆನೀರು ಇಳಿದು ಕೊರಕಲಾಗುತ್ತದೆ. ಹೋಗಬಲ್ಲೆವು ಎಂಬುದೊಂದೇ ಹೋಗುವುದಕ್ಕೆ ಹಕ್ಕಾಗುವುದಿಲ್ಲ.

ಹಳೆಯದನ್ನು ಉಳಿಸಿಕೊಳ್ಳುವುದು ತಾನಾಗಿಯೇ ಪುಣ್ಯದ ಕೆಲಸವೂ ಅಲ್ಲ. ಇರುವ ಕಬ್ಬಿಣವನ್ನು ಇನ್ನಷ್ಟು ವರ್ಷ ದುಡಿಸಿಕೊಳ್ಳುವುದರಲ್ಲಿ ಭೂಮಿಯ ಮೇಲಿನ ಭಾರ ಸ್ವಲ್ಪ ತಗ್ಗುತ್ತದೆ. ಆದರೆ ಹಳೆಯ ಎಂಜಿನ್ ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ. ಟ್ಯೂನಿಂಗ್ ಸರಿಯಿಟ್ಟು ಅದನ್ನು ಕನಿಷ್ಠಕ್ಕೆ ತರುವುದು ಇಟ್ಟುಕೊಂಡವರ ಕರ್ತವ್ಯ. ಸ್ವಂತ ಬಳಕೆಯ ವಾಹನದ ನೋಂದಣಿಯನ್ನು 15 ವರ್ಷದ ಮೇಲೆ ನವೀಕರಿಸುವಾಗ ಎಫ್‌ಸಿ ಪರೀಕ್ಷೆ ಇದೆ. ಪರೀಕ್ಷಿಸುವವರು ನೋಡುವುದು ಒಂದು ದಿನ, ಗಾಡಿಯಡಿ ನಾವು ಮಲಗುವುದು ವರ್ಷವಿಡೀ. ಅವರಿಗೆ ಕಾಣದ ಬಿರುಕು ನಮಗೆ ಕಂಡರೆ, ಸರ್ಟಿಫಿಕೇಟು ಕೈಯಲ್ಲಿದ್ದರೂ ಗಾಡಿಯನ್ನು ರಸ್ತೆಗಿಳಿಸಬಾರದು. ಚಾಸಿಯೇ ತಿಂದುಹೋಗಿದ್ದರೆ, ಎಷ್ಟೇ ಮಮತೆ ಇದ್ದರೂ ಬಿಟ್ಟುಕೊಡಬೇಕು.

ಮನೆಯಲ್ಲಿ ಗಾಡಿ ನೋಡಿಕೊಳ್ಳುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ಆಯಿಲ್ ಯಾವಾಗ ಬದಲಿಸಿದ್ದು, ಟೈಮಿಂಗ್ ಬೆಲ್ಟ್ ಎಷ್ಟು ಕಿಲೋಮೀಟರಿಗೆ ಹಾಕಿದ್ದು, ಯಾವ ಬೇರಿಂಗ್ ಹೊಸದು ಎಂದೆಲ್ಲ ಬರೆದಿಡುವಾಗ ಮಾಡದೆ ಉಳಿದದ್ದನ್ನೂ ಬರೆಯಬೇಕು: ಎಡ ಮುಂದಿನ ಸೀಲು ಒಸರುತ್ತಿದೆ, ಹಿಂದಿನ ಕ್ರಾಸ್ ಮೆಂಬರಿನಲ್ಲಿ ತುಕ್ಕು ಶುರುವಾಗಿದೆ, ಇದನ್ನು ಬೇಸಿಗೆಯೊಳಗೆ ನೋಡಬೇಕು. ಗಾಡಿ ಒಂದು ದಿನ ಮಾರಾಟವಾದರೆ ಆ ಪುಸ್ತಕವನ್ನೂ ಕೀಲಿಕೈ ಜೊತೆ ಕೊಡಬೇಕು. ಬೆಲೆ ಕಡಿಮೆಯಾದರೂ ಸರಿಯೇ. ಅದನ್ನು ಕೊಳ್ಳುವವರ ಮಕ್ಕಳೂ ಅದೇ ಸೀಟಿನಲ್ಲಿ ಕೂತು ಅದೇ ಘಾಟಿ ಇಳಿಯುತ್ತಾರೆ, ಮತ್ತು ನಮಗೆ ಗೊತ್ತಿದ್ದ ದೋಷವನ್ನು ಹೇಳದೆ ಬಿಟ್ಟ ಹೊಣೆ ಆರ್‌ಸಿಯಲ್ಲಿ ಹೆಸರು ಬದಲಾದರೂ ನಮ್ಮ ಮೇಲೆಯೇ ಇರುತ್ತದೆ.