ದಾನವೂ ಪ್ರತಿದಾನವೂ

ದಾನವೆಂಬುದು ನಮ್ಮ ದೇಶದಲ್ಲಿ ಹೊಸದಾಗಿ ವಿವರಿಸಬೇಕಾದ ವಿಷಯವಲ್ಲ. ಮರಳಿ ಉಪಕಾರ ಮಾಡಲಾರದವನಿಗೆ, ಯೋಗ್ಯವಾದ ದೇಶಕಾಲಗಳಲ್ಲಿ, ಕೊಡಬೇಕೆಂಬ ಒಂದೇ ಬುದ್ಧಿಯಿಂದ ಕೊಟ್ಟದ್ದು ಸಾತ್ತ್ವಿಕ. ಪ್ರತ್ಯುಪಕಾರವನ್ನೋ ಫಲವನ್ನೋ ಬಯಸಿ ಕೊಟ್ಟದ್ದು ರಾಜಸ. ಗೀತಾಚಾರ್ಯನು ಮಾಡಿದ ಈ ವಿಭಾಗವನ್ನು ನಾನು ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಕಂಠಸ್ಥಮಾಡಿ, ಮುಂದೆ ಮೂವತ್ತು ವರ್ಷಕಾಲ ಮಕ್ಕಳಿಗೂ ಹೇಳಿಕೊಟ್ಟವನು. ಇದರಲ್ಲಿ ಸಂದೇಹಕ್ಕೆ ಎಡೆಯುಂಟೆಂದು ನನಗೆ ಎಂದೂ ತೋಚಿರಲಿಲ್ಲ. ಆದರೆ ಈಚೆಗೆ, ನಮ್ಮ ಶಾಸ್ತ್ರಗಳ ಹೆಸರನ್ನೇ ಕೇಳದ ಒಂದು ಜನಾಂಗದ ನಡವಳಿಕೆಯನ್ನು ಓದಿ ತಿಳಿದಮೇಲೆ, ಆ ಹಳೆಯ ಪಾಠವನ್ನು ಮತ್ತೊಮ್ಮೆ ಬಿಡಿಸಿ ನೋಡಬೇಕಾಯಿತು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಸೊಸೆ ಮಾನವಶಾಸ್ತ್ರವನ್ನು ಓದಿದವಳು. ಆಂಡ್ರೂ ಸ್ಟ್ರಾಥರ್ನ್ ಎಂಬ ಪಂಡಿತರು ೧೯೭೧ ರಲ್ಲಿ ಪ್ರಕಟಿಸಿದ ಗ್ರಂಥವೊಂದು ಅವಳ ಕಪಾಟಿನಲ್ಲಿದ್ದಿತು. ಮಳೆಗಾಲದ ಬಿಡುವಿನಲ್ಲಿ ಅದನ್ನು ಕೈಗೆತ್ತಿಕೊಂಡೆನು. ಅದು ಪಾಪುವಾ ನ್ಯೂಗಿನಿಯ ಮಲೆನಾಡಿನ ಮೆಲ್ಪ ಜನರನ್ನು ಕುರಿತದ್ದು.

ಆಸ್ಟ್ರೇಲಿಯದ ಉತ್ತರಕ್ಕೆ ನ್ಯೂಗಿನಿ ಎಂಬ ವಿಶಾಲವಾದ ದ್ವೀಪವಿದೆಯಷ್ಟೆ. ಅದರ ಪೂರ್ವಾರ್ಧವೇ ೧೯೭೫ ರಲ್ಲಿ ಸ್ವತಂತ್ರವಾದ ಈ ದೇಶ. ದ್ವೀಪದ ನಡುವೆ ಬೆನ್ನೆಲುಬಿನಂತೆ ಹಬ್ಬಿದ ಪರ್ವತಪಂಕ್ತಿಗಳಲ್ಲಿ ಜನವಸತಿಯೇ ಇಲ್ಲವೆಂದು ಕರಾವಳಿಯಲ್ಲಿ ಆಳುತ್ತಿದ್ದ ಬಿಳಿಯರು ಬಹುಕಾಲ ನಂಬಿದ್ದರು. ೧೯೩೩ ರಲ್ಲಿ ಚಿನ್ನವನ್ನರಸುತ್ತ ಹೊರಟ ಲೇಹಿ ಸಹೋದರರೂ, ಜೇಮ್ಸ್ ಟೇಲರ್ ಎಂಬ ಸರ್ಕಾರದ ಅಧಿಕಾರಿಯೂ ವಾಹ್ಗಿ ಕಣಿವೆಯನ್ನು ಹೊಕ್ಕಾಗ, ಕಣ್ಣು ಹರಿಯುವವರೆಗೂ ಕಾಲುವೆ ತೆಗೆದು ಚೌಕಮಾಡಿದ ತೋಟಗಳೂ, ಅವುಗಳ ನಡುವೆ ಸಾವಿರಾರು ಜನರೂ ಕಾಣಿಸಿದರು. ಬಂದವರು ಸತ್ತುಹೋದ ತಮ್ಮ ಪಿತೃಗಳೇ ಇರಬೇಕೆಂದು ಆ ಜನರು ಭ್ರಮಿಸಿದರಂತೆ. ಒಂದು ಪಕ್ಷದವರ ಅಜ್ಞಾನವು ಇನ್ನೊಂದು ಪಕ್ಷದವರದಕ್ಕಿಂತ ಕಡಿಮೆಯೆಂದು ನನಗೆ ತೋರುವುದಿಲ್ಲ. ಏಕೆಂದರೆ ಅದೇ ಕಣಿವೆಯ ಕುಕ್ ಎಂಬ ಜೌಗುನೆಲವನ್ನು ೧೯೭೦ ರ ದಶಕದಿಂದ ಅಗೆದು ಶೋಧಿಸಿದ ವಿದ್ವಾಂಸರು, ಅಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದೆಯೇ ಬೇಸಾಯವಿದ್ದಿತೆಂದು ಕಂಡುಕೊಂಡಿದ್ದಾರೆ. ಆ ನೆಲವು ೨೦೦೮ ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ನಾವು ಅನಾಗರಿಕರೆಂದು ಒಂದು ಮಾತಿನಲ್ಲಿ ತಳ್ಳಿಬಿಡುವ ಜನರು ಭೂಮಂಡಲದ ಅತಿ ಪ್ರಾಚೀನ ಕೃಷಿಕರ ಸಾಲಿಗೆ ಸೇರಿದವರು.

ಮೌಂಟ್ ಹೇಗನ್ ಎಂಬ ಪಟ್ಟಣದ ಸುತ್ತಮುತ್ತ, ಸಮುದ್ರಮಟ್ಟದಿಂದ ಸಾವಿರದೈನೂರು ಮೀಟರಿಗೂ ಎತ್ತರದಲ್ಲಿ ಮೆಲ್ಪ ಜನರ ವಾಸ. ನಮ್ಮಲ್ಲಿರುವಂತೆ ಸಾಲುಮನೆಗಳ ಊರು ಅಲ್ಲಿಲ್ಲ. ತೋಟಗಳ ನಡುವೆ ಚದರಿದ ಒಕ್ಕಲುಗಳು. ಗಂಡಸರಿಗೆ ಒಂದು ದುಂಡುಮನೆ. ಹೆಂಗಸರಿಗೂ ಮಕ್ಕಳಿಗೂ ಬೇರೊಂದು ಮನೆ. ಅದರೊಳಗೇ ಹಂದಿಗಳಿಗೂ ಗೂಡು. ಇರುಳು ಚಳಿ ಬಹಳ. ಒಲೆಯ ಬೆಂಕಿ ಆರುವಂತಿಲ್ಲ. ಮನುಷ್ಯರಿಗೂ ಹಂದಿಗಳಿಗೂ ಗೆಣಸೇ ಜೀವನಾಧಾರ. ಕಾಡು ಕಡಿಯುವುದು, ಬೇಲಿ ಕಟ್ಟುವುದು, ಕಾಲುವೆ ತೆಗೆಯುವುದು ಗಂಡಸಿನ ಕೆಲಸ. ಗೆಣಸು ನೆಡುವುದು, ಕಳೆ ಕೀಳುವುದು, ಅಗೆದು ಹೊತ್ತುತರುವುದು, ಹಂದಿ ಸಾಕುವುದು ಹೆಂಗಸಿನದು. ಕಳೆದ ಶತಮಾನದ ನಡುವಿನಿಂದ ಕಾಫಿಯ ಬೆಳೆಯೂ ಹಣವೂ ಮೋಟಾರುಗಳೂ ಬಂದವು. ಹೆದ್ದಾರಿಯಿಂದ ದೂರವಾದ ಒಕ್ಕಲುಗಳಿಗೆ ಮಾತ್ರ ಇಂದಿಗೂ ಕಾಲುದಾರಿಯೇ ಗತಿ.

ಈ ಜನರಲ್ಲಿ ವಂಶದಿಂದ ಬಂದ ಅರಸುತನವಿಲ್ಲ. ಹಿರಿಯನೆನಿಸಿಕೊಳ್ಳಬೇಕಾದವನು ಕೊಟ್ಟು ಹಿರಿಯನಾಗಬೇಕು. ಆ ಕೊಡುಗೆಯ ಪದ್ಧತಿಗೆ ಮೋಕಾ ಎಂದು ಹೆಸರು. ಒಬ್ಬನು ಮತ್ತೊಬ್ಬನಿಗೆ ಹಂದಿಗಳನ್ನೂ, ದೂರದ ಕರಾವಳಿಯಿಂದ ಕೈಯಿಂದ ಕೈಗೆ ಬಂದ ಮುತ್ತಿನ ಚಿಪ್ಪುಗಳನ್ನೂ ಕೊಡುತ್ತಿದ್ದನು. ಪಡೆದವನು ಕೆಲವು ಕಾಲದಮೇಲೆ ಪಡೆದುದಕ್ಕಿಂತ ಹೆಚ್ಚಾಗಿ ಮರಳಿ ಕೊಡಬೇಕು. ಪಡೆದಷ್ಟನ್ನೇ ಕೊಟ್ಟರೆ ಋಣ ತೀರಿತು, ಅಷ್ಟೆ; ಅದರ ಮೇಲಣ ಹೆಚ್ಚಳಕ್ಕೇ ಮೋಕಾ ಎಂಬ ಹೆಸರು ಸಲ್ಲುತ್ತದೆ. ಈತನು ಆತನಿಗೆ, ಆತನು ಮತ್ತೊಬ್ಬನಿಗೆ, ಹೀಗೆ ಕುಲದಿಂದ ಕುಲಕ್ಕೆ ಹಬ್ಬುವ ಕೊಡುಗೆಯ ಸಾಲನ್ನು ಅವರು ಹಗ್ಗವೆಂದು ಕರೆಯುತ್ತಾರೆ. ಹಿಂದೆ ಯುದ್ಧದಲ್ಲಿ ಸತ್ತವರಿಗಾಗಿ ಮಿತ್ರರಿಗೂ ಶತ್ರುಗಳಿಗೂ ಕೊಡುತ್ತಿದ್ದ ಪರಿಹಾರವೇ ಇದರ ಮೂಲವೆಂದು ಹೇಳುತ್ತಾರೆ. ಈಟಿಗಳನ್ನು ಎಸೆದ ಕುಲಗಳ ನಡುವೆಯೇ ಮುಂದೆ ಹಂದಿಗಳು ಓಡಾಡಿದವು.

ಕೊಡುವ ದಿನ ಹುಲ್ಲಿನ ಬಯಲಿನಲ್ಲಿ ಗೂಟಗಳ ಸಾಲು ನೆಟ್ಟು ಹಂದಿಗಳನ್ನು ಕಟ್ಟುತ್ತಿದ್ದರು. ಗರಿಗಳ ಕಿರೀಟವಿಟ್ಟು ಕುಣಿಯುತ್ತಿದ್ದರು. ಹಿರಿಯರು ಸಾಲಿನ ಪಕ್ಕದಲ್ಲಿ ಶತಪಥ ಹಾಕುತ್ತ, ರೂಪಕಗಳಿಂದ ತುಂಬಿದ ವಿಶೇಷ ಶೈಲಿಯಲ್ಲಿ ಭಾಷಣ ಮಾಡುತ್ತಿದ್ದರು. ಗಂಡಸರು ಬಿದಿರಿನ ಸಣ್ಣ ಕಡ್ಡಿಗಳನ್ನು ಏಣಿಯಂತೆ ಪೋಣಿಸಿ ಎದೆಯಮೇಲೆ ಇಳಿಬಿಟ್ಟುಕೊಳ್ಳುತ್ತಿದ್ದರು. ಒಂದೊಂದು ಕಡ್ಡಿಯೂ ಎಂಟು ಅಥವಾ ಹತ್ತು ಚಿಪ್ಪುಗಳ ಒಂದೊಂದು ಕೊಡುಗೆಯ ಗುರುತು. ಎಣಿಕೆಯಿರುವುದು ಕೊಟ್ಟದ್ದಕ್ಕೇ ಹೊರತು ಇಟ್ಟುಕೊಂಡದ್ದಕ್ಕಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಕವೆಲ್ಕ ಕುಲದ ಒಂಗ್ಕ ಎಂಬ ಹಿರಿಯನು ನಡೆಸಿದ ಒಂದು ಮಹಾ ಮೋಕಾದ ಚಲಚ್ಚಿತ್ರವು ೧೯೭೪ ರಲ್ಲಿ ತಯಾರಾಯಿತು. ಸೊಸೆ ಅದನ್ನೂ ತೋರಿಸಿದಳು. ಆತನು ವರ್ಷಗಟ್ಟಲೆ ಊರೂರು ಅಲೆದು, ಕೊಡಬೇಕಾದವರನ್ನು ಪೀಡಿಸಿ, ಒಲಿಸಿ, ಕೊನೆಗೆ ಸುಮಾರು ೬೦೦ ಹಂದಿಗಳನ್ನೂ, ೧೦,೦೦೦ ಡಾಲರುಗಳನ್ನೂ, ೮ ಹಸುಗಳನ್ನೂ, ಕ್ಯಾಸೊವರಿ ಎಂಬ ೧೨ ದೊಡ್ಡ ಪಕ್ಷಿಗಳನ್ನೂ, ಒಂದು ಲಾರಿಯನ್ನೂ, ಒಂದು ಮೋಟಾರು ಬೈಸಿಕಲ್ಲನ್ನೂ ಕೂಡಿಸಿ ಕೊಟ್ಟುಬಿಟ್ಟನು. ಇಷ್ಟು ಕೊಟ್ಟು ನಿಮ್ಮನ್ನು ಗೆದ್ದೆನೆಂಬ ಅಭಿಪ್ರಾಯವನ್ನು ಎಲ್ಲರೆದುರಿನಲ್ಲಿ ಸಾರಿಯೂ ಬಿಟ್ಟನು.

ಇದನ್ನು ಕಂಡೊಡನೆ ನನ್ನ ತೀರ್ಪು ಸಿದ್ಧವಾಗಿಯೇ ಇದ್ದಿತು. ಇದು ಶುದ್ಧ ರಾಜಸ. ಪ್ರತಿಫಲದ ಅಪೇಕ್ಷೆಯುಂಟು, ಕೀರ್ತಿಯ ಹಂಬಲವುಂಟು, ಎದುರಾಳಿಯನ್ನು ಕೆಡವುವ ಹಟವುಂಟು. ಇದನ್ನು ದಾನವೆನ್ನುವುದಕ್ಕಿಂತ ಬಡ್ಡಿಯ ವ್ಯವಹಾರವೆನ್ನಬಹುದು. ಪೂರ್ವಪಕ್ಷವು ಇಷ್ಟು.

ಆದರೆ ಬಡ್ಡಿಯೆಂಬ ಮಾತು ನಿಲ್ಲುವುದಿಲ್ಲ. ಬಡ್ಡಿಯನ್ನು ಗೊತ್ತುಮಾಡುವವನು ಸಾಲ ಕೊಟ್ಟವನು. ಇಲ್ಲಿ ಹೆಚ್ಚಳವನ್ನು ನಿಶ್ಚಯಿಸುವವನು ಪಡೆದವನೇ. ಅದೂ ತನ್ನ ಮಾನಕ್ಕಾಗಿ. ಸಾಲಗಾರನು ಹಣ ತೆತ್ತು ಹೊರಗೆ ಬಂದಾಗ ಬಡವನಾಗಿರುತ್ತಾನೆ. ಮೋಕಾದಲ್ಲಿ ತೆತ್ತವನು ಹಿರಿಯನಾಗುತ್ತಾನೆ. ಇಂದು ಕೈಯೊಡ್ಡಿದವನು ನಾಳೆ ಕೊಡುವವನು. ಎಂದೆಂದಿಗೂ ಪಡೆಯುವವನಾಗಿಯೇ ಉಳಿಯುವ ಅವಸ್ಥೆಯನ್ನು ಆ ಪದ್ಧತಿಯು ಯಾರಿಗೂ ವಿಧಿಸುವುದಿಲ್ಲ. ಇಲ್ಲಿಗೆ ಬಂದಾಗ ನನ್ನ ಬಾಲ್ಯದ ಒಂದು ನೋವು ನೆನಪಾಯಿತು.

೧೯೭೦ ರ ದಶಕದಲ್ಲಿ ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ, ವಾರಾನ್ನದ ಪದ್ಧತಿಯು ಕ್ಷೀಣಿಸಿದ್ದರೂ ಪೂರ್ತಿ ಅಳಿದಿರಲಿಲ್ಲ. ದಿನಕ್ಕೊಂದು ಮನೆಯಂತೆ ಉಂಡು ಓದಿದೆನು. ಮಂಗಳವಾರದ ಮನೆಯವರು ಸಾಕ್ಷಾತ್ ಸಾತ್ತ್ವಿಕರು. ಒಂದು ಬಿಂದಿಗೆ ನೀರು ಸೇದಿಕೊಡುತ್ತೇನೆಂದರೂ ಬಿಡುತ್ತಿರಲಿಲ್ಲ; “ನೀನು ಓದುವ ಹುಡುಗ, ಕೂತು ಉಣ್ಣಪ್ಪ” ಎನ್ನುವರು. ಗುರುವಾರದ ಮನೆಯಲ್ಲಿದ್ದ ಮುದುಕಿ ಅಷ್ಟು ಉದಾರಳಲ್ಲ. ಊಟವಾದ ಕೂಡಲೆ ಭಾರತದ ಪುಸ್ತಕವನ್ನು ತಂದು ಮುಂದಿಟ್ಟು, “ಒಂದು ಅಧ್ಯಾಯ ಓದಿಯೇ ಹೋಗೋ” ಎಂದು ಗದರಿಸುತ್ತಿದ್ದಳು. ಗುರುವಾರ ನಾನು ಹೊಟ್ಟೆತುಂಬ ಉಣ್ಣುತ್ತಿದ್ದೆ; ಮಂಗಳವಾರ ಎರಡನೆಯ ಸಲ ಬಡಿಸಿಕೊಳ್ಳಲು ನಾಚುತ್ತಿದ್ದೆ. ಮುಂದೆ ಕೆಲಸ ಸಿಕ್ಕಿ, ಮೊದಲ ಸಂಬಳದಲ್ಲಿ ಒಂದು ಸೀರೆಯನ್ನೂ ಹಣ್ಣನ್ನೂ ತೆಗೆದುಕೊಂಡು ಮಂಗಳವಾರದ ಮನೆಗೆ ಹೋದೆನು. “ಇದೆಲ್ಲ ಏಕಪ್ಪ? ತಿರುಗಿ ಪಡೆಯುವುದಕ್ಕೆ ಅನ್ನ ಹಾಕಿದೆವೆ?” ಎಂದು ನಗುತ್ತಲೇ ಹಿಂದಕ್ಕೆ ಕೊಟ್ಟರು. ಅವರ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ. ಶಾಸ್ತ್ರದ ಒಂದಕ್ಷರಕ್ಕೂ ಅವರ ನಡತೆ ತಪ್ಪಿದ್ದಲ್ಲ. ಆದರೂ ಆ ಗಂಟನ್ನು ಹಿಡಿದು ಜಗಲಿಯನ್ನು ಇಳಿಯುವಾಗ ನಾನು ಮತ್ತೆ ಹನ್ನೆರಡು ವರ್ಷದ ಹುಡುಗನಾಗಿದ್ದೆನು. ಮೆಲ್ಪ ರೈತನೊಬ್ಬನು ಇದನ್ನು ಕೇಳಿದರೆ, ನನ್ನನ್ನು ಗಂಡಸೆಂದೇ ಅವರು ಎಣಿಸಲಿಲ್ಲವೆಂದು ಹೇಳುತ್ತಿದ್ದನೋ ಏನೋ.

ಈ ಮಾತನ್ನು ಉತ್ಸಾಹದಿಂದ ಮನೆಯಲ್ಲಿ ಹೇಳಿದೆನು. ಸೊಸೆ ಎಲ್ಲವನ್ನೂ ಕೇಳಿ, “ಸರಿ ಮಾವ, ಆ ಆರುನೂರು ಹಂದಿಗಳನ್ನು ಸಾಕಿದವರು ಯಾರು?” ಎಂದಳು. ನನಗೆ ತಟ್ಟನೆ ಉತ್ತರ ತೋಚಲಿಲ್ಲ.

ಅವಳು ಕೊಟ್ಟ ಇನ್ನೊಂದು ಗ್ರಂಥವು ಮೆರಿಲಿನ್ ಸ್ಟ್ರಾಥರ್ನ್ ಎಂಬ ವಿದುಷಿಯು ೧೯೭೨ ರಲ್ಲಿ ಅಲ್ಲಿಯ ಹೆಂಗಸರನ್ನು ಕುರಿತು ಬರೆದದ್ದು. ಹಂದಿಯನ್ನು ಮರಿಯಿಂದ ಬೆಳೆಸುವವಳು ಹೆಂಡತಿ. ಬಯಲಿನಲ್ಲಿ ನಿಂತು ಅದನ್ನು ಕೊಟ್ಟು ಹೆಸರು ಗಳಿಸುವವನು ಗಂಡ. ಎದೆಯಮೇಲಣ ಬಿದಿರುಕಡ್ಡಿಗಳಲ್ಲಿ ಅವಳ ಪಾಲಿಗೆ ಒಂದೂ ಇಲ್ಲ. ಆದರೆ ಇದರಲ್ಲಿ ಅನ್ಯಾಯದ ಅಂಶವುಂಟೆಂಬುದು ಆ ಜನರಿಗೆ ತಿಳಿಯದ ಸಂಗತಿಯಲ್ಲ. ಒಳಗೇ ಅದುಮಿಟ್ಟ ಕೋಪಕ್ಕೆ ಅವರು ಪೊಪೊಕ್ಲ್ ಎನ್ನುತ್ತಾರೆ. ತನ್ನನ್ನು ಕೇಳದೆ ತನ್ನ ಹಂದಿಯನ್ನು ಕೊಟ್ಟರೆಂದು ಹೆಂಡತಿಯು ಒಳಗೇ ಕುದಿದರೆ, ಪಿತೃಗಳು ಮರುಗಿ ಕಾಯಿಲೆಯನ್ನು ಕಳುಹಿಸುವರೆಂದು ನಂಬಿಕೆ. ಆಗ ಆ ಕೋಪವನ್ನು ಬಾಯಿಬಿಟ್ಟು ಹೇಳಿಸಿ, ಕಾರಣವನ್ನು ವಿಚಾರಿಸಿ, ಸಮಾಧಾನಮಾಡಬೇಕು. ಕಾಯಿಲೆಗೆ ಕಾರಣವು ಬೇರೆಯಿರಬಹುದು. ಆದರೆ ಶ್ರಮಪಟ್ಟವಳ ಸಮ್ಮತಿಯಿಲ್ಲದ ಕೊಡುಗೆಯಲ್ಲಿ ಏನೋ ವಿಷವಿದೆಯೆಂದು ಕಂಡುಕೊಂಡ ದೃಷ್ಟಿಯು ಸಾಮಾನ್ಯವಾದದ್ದಲ್ಲ.

ಸೊಸೆಯ ಪ್ರಶ್ನೆಯು ಅಲ್ಲಿಗೇ ನಿಲ್ಲಲಿಲ್ಲ. ಅದು ನನ್ನ ಮನೆಯೊಳಗೂ ಬಂದಿತು. ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಏರ್ಪಾಡು ಇನ್ನೂ ಬಾರದಿದ್ದ ಕಾಲದಲ್ಲಿ, ದೂರದ ಹಳ್ಳಿಗಳಿಂದ ನಡೆದು ಬರುತ್ತಿದ್ದ ಮೂರು ನಾಲ್ಕು ಹುಡುಗರು ಪ್ರತಿವರ್ಷವೂ ನಮ್ಮ ಮನೆಯಲ್ಲಿ ಉಣ್ಣುತ್ತಿದ್ದರು. ನಾನು ನಿವೃತ್ತನಾದ ದಿನ ಸಭೆಯಲ್ಲಿ ಅದನ್ನು ನೆನೆದು, ಅನ್ನದಾತರೆಂದು ಹೊಗಳಿ, ಶಾಲು ಹೊದೆಸಿದರು. ಆ ಅನ್ನವನ್ನು ಬೇಯಿಸಿದವಳು, ಎಷ್ಟೋ ದಿನ ತನ್ನ ಪಾಲನ್ನು ಕಡಿಮೆಮಾಡಿಕೊಂಡವಳು, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಪ್ರತಿಫಲವನ್ನು ಬಯಸದೆ ಕೊಟ್ಟೆನೆಂದು ಇಷ್ಟು ದಿನ ಸಂತೋಷಪಟ್ಟುಕೊಂಡಿದ್ದವನಿಗೆ, ಕೊಟ್ಟದ್ದು ನನ್ನದೇ ಆಗಿದ್ದಿತೆ ಎಂಬ ಪ್ರಶ್ನೆಯೇ ಹೊಳೆದಿರಲಿಲ್ಲ.

ಮೋಕಾದಲ್ಲಿ ಇನ್ನೊಂದು ದೋಷವೂ ಉಂಟು: ಅದಕ್ಕೆ ತನ್ನೊಳಗೆ ಮೇರೆಯಿಲ್ಲ. ೧೯೩೩ ರಿಂದೀಚೆಗೆ ಬಿಳಿಯರು ಆಹಾರವನ್ನೂ ಕೂಲಿಯನ್ನೂ ಕೊಳ್ಳುವುದಕ್ಕಾಗಿ ವಿಮಾನಗಳಲ್ಲಿ ಚಿಪ್ಪುಗಳನ್ನು ರಾಶಿರಾಶಿಯಾಗಿ ತಂದು ಸುರಿದರು. ಚಿಪ್ಪು ಅಗ್ಗವಾಗಿ, ಕ್ರಮೇಣ ಕೊಡುಗೆಯಿಂದಲೇ ಮಾಯವಾಯಿತು. ಆ ದೇಶದ ನಾಣ್ಯಕ್ಕೆ ೧೯೭೫ ರಲ್ಲಿ ಕಿನಾ ಎಂದು ಆ ಚಿಪ್ಪಿನ ಹೆಸರನ್ನೇ ಇಟ್ಟರೆಂಬುದೊಂದು ನೆನಪು ಮಾತ್ರ ಉಳಿದಿದೆ. ಚಿಪ್ಪಿನ ಸ್ಥಾನಕ್ಕೆ ಹಣ ಬಂದಿತು, ಲಾರಿ ಬಂದಿತು. ಪ್ರತಿಯೊಬ್ಬನೂ ಹಿಂದಿನವನನ್ನು ಮೀರಬೇಕೆಂಬ ನಿಯಮವು ಎಷ್ಟು ದೂರ ನಡೆದೀತು? ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮಹಾ ಮೋಕಾಗಳು ವಿರಳವಾದವು. ರಜೋಗುಣಕ್ಕೆ ತೃಪ್ತಿಯಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ.

ಹಾಗಾದರೆ ಸಿದ್ಧಾಂತವೇನು? ಗೀತೆಯ ವಿಭಾಗವನ್ನು ನಾನು ಬಿಡುವುದಿಲ್ಲ. ಆದರೆ ಅದು ಕೊಡುವವನ ಮನಸ್ಸಿಗೆ ಹೇಳಿದ ಮಾತು. ಪಡೆದವನ ಕೈಯನ್ನು ಕಟ್ಟುವುದಕ್ಕೆ ಹೇಳಿದ್ದಲ್ಲ. ಕೊಟ್ಟವನು ಮರಳಿ ಬಯಸಬಾರದು, ನಿಜ. ಪಡೆದವನು ಮರಳಿ ಕೊಡಬಂದಾಗ ತಡೆಯಲೂ ಬಾರದು. ಮನುಷ್ಯನು ಋಣದೊಡನೆಯೇ ಹುಟ್ಟುತ್ತಾನೆಂದು ನಮ್ಮ ಶ್ರುತಿಯು ಹೇಳುವಾಗ ಅದನ್ನು ಅವಮಾನವೆಂದು ಹೇಳಲಿಲ್ಲ. ತೀರಿಸಬಲ್ಲವನೆಂದು ನಂಬಿ ಹೇಳಿತು. ಆ ನಂಬಿಕೆಯನ್ನು ನಮ್ಮೆದುರು ನಿಂತ ಬಡವನಲ್ಲಿಯೂ ಇಡದೆಹೋದರೆ, ನಮ್ಮ ದಾನವು ಅವನ ಹಸಿವನ್ನು ತೀರಿಸಿ ಮಾನವನ್ನು ಕಳೆಯುತ್ತದೆ. ಇನ್ನು, ಕೊಡುವುದಕ್ಕೆ ಮೊದಲು ಅದು ಯಾರ ದುಡಿಮೆಯೆಂದು ಕೇಳಿಕೊಳ್ಳುವುದು ಮೊದಲನೆಯ ಧರ್ಮ. ಇದನ್ನು ನಾನು ಬಹಳ ತಡವಾಗಿ ಕಲಿತೆನು.

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬನು ತನ್ನ ಗದ್ದೆಯ ಅಕ್ಕಿಯ ಮೂಟೆಯೊಂದನ್ನು ಹೊತ್ತು ಬಾಗಿಲಿಗೆ ಬಂದನು. “ಇದೆಲ್ಲ ಏಕಪ್ಪ” ಎಂಬ ಮಾತು ನಾಲಗೆಯ ತುದಿಗೆ ಬಂದಿದ್ದಿತು, ನುಂಗಿಕೊಂಡೆನು. “ಇದು ನನಗೆ ಸಲ್ಲಬೇಕಾದ್ದಲ್ಲ, ಒಳಗೆ ಅಮ್ಮನವರಿದ್ದಾರೆ, ಅವರ ಕೈಗೆ ಕೊಡು” ಎಂದೆನು. ಆಕೆಯು ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ, “ಒಳ್ಳೆಯ ಅಕ್ಕಿ ಕಣೋ” ಎಂದಳು. ಅವನ ಮುಖದಲ್ಲಿ ಆಗ ಕಂಡ ಗೆಲುವನ್ನು ನೋಡಿದ ಮೇಲೆ, ಮಂಗಳವಾರದ ಮನೆಯ ಜಗಲಿಯಿಂದ ನಾನೂ ಹಾಗೆಯೇ ಇಳಿದು ಬರಬಹುದಾಗಿತ್ತೆಂದು ಅನಿಸಿತು.