ಬಿಡುವೂ ಒಂದು ಆಜ್ಞೆ

ಬೈಬಲಿನ ದಶಾಜ್ಞೆಗಳಲ್ಲಿ ಕೊಲೆ ಮಾಡಬಾರದೆಂಬ ಆಜ್ಞೆ ತೀರ ಚಿಕ್ಕದು, ಕದಿಯಬಾರದೆಂಬುದೂ ಅಷ್ಟೇ. ಹತ್ತರಲ್ಲಿ ಅತಿ ದೀರ್ಘವಾದದ್ದು ವಿಶ್ರಾಂತಿಯ ಆಜ್ಞೆ. ಆರು ದಿನ ದುಡಿದು ಏಳನೆಯ ದಿನ ಕೈ ಕೆಲಸ ನಿಲ್ಲಿಸಬೇಕು ಎಂಬುದು ಅದರ ಸಾರ. ಆ ದಿನವೇ ಸಬ್ಬತ್. ಯೆಹೂದ್ಯರು ಅದನ್ನು ಶನಿವಾರ ಆಚರಿಸುತ್ತಾರೆ. ಯೇಸುವಿನ ಪುನರುತ್ಥಾನವಾದ ದಿನವೆಂದು ಬಹುಪಾಲು ಕ್ರೈಸ್ತರು ಭಾನುವಾರವನ್ನು ಆರಾಧನೆಗೂ ಬಿಡುವಿಗೂ ಮೀಸಲಿಟ್ಟಿದ್ದಾರೆ.

ದುಡಿದು ದುಡಿದು ಒಳಗೇ ಬತ್ತಿಹೋಗುವುದಕ್ಕೆ ಈಗ ಬರ್ನ್‌ಔಟ್ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಮೂರು ಲಕ್ಷಣಗಳನ್ನು ಗುರುತಿಸಿತು: ನಿತ್ರಾಣ, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ರಜೆ ಹಾಕಿ ಮಲಗಿದರೂ ಈ ದಣಿವು ಹಲವರನ್ನು ಬಿಡುವುದಿಲ್ಲ. ಏಕೆಂದರೆ ಅದರ ಬೇರು ಮೈಯಲ್ಲಷ್ಟೇ ಇರುವುದಿಲ್ಲ. ನಮ್ಮ ಬೆಲೆಯನ್ನು ನಾವು ಯಾವುದರಿಂದ ಅಳೆದುಕೊಳ್ಳುತ್ತೇವೆ ಎಂಬುದರಲ್ಲೂ ಇರುತ್ತದೆ. ಸಬ್ಬತ್ತಿನ ತತ್ತ್ವ ಮುಟ್ಟುವುದು ಆ ಬೇರನ್ನು.

ದಶಾಜ್ಞೆಗಳ ಭಾಗವಾಗಿ ಈ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ, ಎರಡು ಬೇರೆ ಕಾರಣಗಳೊಂದಿಗೆ. ವಿಮೋಚನಕಾಂಡ ಕೊಡುವ ಕಾರಣ ಸೃಷ್ಟಿ: ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿ ಏಳನೆಯ ದಿನ ವಿಶ್ರಮಿಸಿದನು. ಆದಿಕಾಂಡದ ಪ್ರಕಾರ ಮನುಷ್ಯ ಹುಟ್ಟಿದ್ದು ಆರನೆಯ ದಿನ. ಹಾಗಾದರೆ ಅವನು ಕಂಡ ಮೊದಲ ಪೂರ್ಣ ದಿನವೇ ವಿಶ್ರಾಂತಿಯ ದಿನ. 20ನೇ ಶತಮಾನದ ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಇದನ್ನು ಒತ್ತಿ ಹೇಳಿದರು. ಮನುಷ್ಯ ಇನ್ನೂ ಏನನ್ನೂ ಮಾಡಿರಲಿಲ್ಲ. ಆಗಲೇ ಅವನಿಗೆ ಬಿಡುವು ಸಿಕ್ಕಿತ್ತು. ವಿಶ್ರಾಂತಿ ಕೂಲಿಯಾಗಿ ಬಂದದ್ದಲ್ಲ, ವರವಾಗಿ ಬಂದದ್ದು.

ಧರ್ಮೋಪದೇಶಕಾಂಡ ಕೊಡುವ ಕಾರಣ ಬಿಡುಗಡೆ. ಇಸ್ರಾಯೇಲ್ಯರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದರು. ಇಟ್ಟಿಗೆಗೆ ಬೇಕಾದ ಹುಲ್ಲನ್ನೂ ಕೊಡದೆ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದೆಂದು ಅಲ್ಲಿನ ದೊರೆ ಫರೋಹ ಹಟ ಹಿಡಿದಿದ್ದ. ಅಂಥ ದುಡಿಮೆಯಿಂದ ಹೊರಬಂದವರು ತಾವೂ ಇನ್ನೊಬ್ಬರಿಗೆ ಫರೋಹರಾಗಬಾರದು. ಅದಕ್ಕೇ ಮಗ, ಮಗಳು, ಆಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರನ್ನೂ ಈ ಆಜ್ಞೆ ಹೆಸರಿಸುತ್ತದೆ.

ದಣಿದವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಪ್ರವಾದಿ ಎಲೀಯನ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕರ್ಮೆಲ್ ಬೆಟ್ಟದ ಮೇಲೆ ಮಹಾ ಜಯ ಪಡೆದ ಆತ, ರಾಣಿ ಈಜೆಬೆಲಳ ಬೆದರಿಕೆ ಕೇಳಿ ಮರುಭೂಮಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು, ಬದುಕಿದ್ದು ಸಾಕು, ಪ್ರಾಣ ತೆಗೆದುಕೋ ಎಂದು ದೇವರಲ್ಲಿ ಬೇಡುತ್ತಾನೆ. ದೇವರು ಗದರಿಸುವುದಿಲ್ಲ, ಉಪದೇಶಿಸುವುದೂ ಇಲ್ಲ. ಎಲೀಯ ಮಲಗುತ್ತಾನೆ. ದೂತನೊಬ್ಬ ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಕುಡಿದು ಮತ್ತೆ ಮಲಗಿದವನನ್ನು ಎರಡನೇ ಸಲವೂ ಎಬ್ಬಿಸಿ ಉಣಿಸುತ್ತಾನೆ. ಮಾತುಕತೆ ನಡೆಯುವುದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ತಾನೊಬ್ಬನೇ ಉಳಿದೆ ಎನ್ನುವವನಿಗೆ, ನಂಬಿಗಸ್ತರು ಇನ್ನೂ 7,000 ಮಂದಿ ಇದ್ದಾರೆಂಬ ಉತ್ತರ ಸಿಗುತ್ತದೆ. ಕೆಲಸ ಮುಂದುವರಿಸಲು ಎಲೀಷ ಎಂಬ ಶಿಷ್ಯನೂ ಸಿಗುತ್ತಾನೆ. ಮೊದಲು ನಿದ್ದೆ ಮತ್ತು ಅನ್ನ, ಆಮೇಲೆ ಮಾತು, ಕೊನೆಗೆ ಹೊರೆ ಹಂಚಿಕೊಳ್ಳಲು ಒಬ್ಬ ಜೊತೆಗಾರ. ದಣಿವು ಖಿನ್ನತೆಯಾಗಿ ತಿರುಗಿದ್ದರೆ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ ಎಂಬುದಕ್ಕೆ ಈ ಕಥೆಯ ಆಧಾರವೇ ಸಾಕು.

ಯೇಸು ಕೂಡ, ಊಟಕ್ಕೂ ಪುರಸೊತ್ತಿಲ್ಲದಂತಾಗಿದ್ದ ಶಿಷ್ಯರನ್ನು ಜನರಿಲ್ಲದ ಜಾಗಕ್ಕೆ ಕರೆದೊಯ್ದದ್ದನ್ನು ಮಾರ್ಕನ ಸುವಾರ್ತೆ ಹೇಳುತ್ತದೆ. ಆದರೆ ಆತ ಸಬ್ಬತ್ತನ್ನು ನಿಯಮಗಳ ಹೊರೆಯಾಗಲು ಬಿಡಲಿಲ್ಲ. ಮನುಷ್ಯನಿಗಾಗಿ ಸಬ್ಬತ್ ಎಂದು ಸಾರಿ, ಆ ದಿನವೇ ರೋಗಿಗಳನ್ನು ಗುಣಪಡಿಸಿದ. ನೋವಿನಲ್ಲಿರುವವರನ್ನು ಕಂಡೂ ಕಾಣದಂತಿರುವುದಕ್ಕೆ ಸಬ್ಬತ್ ನೆಪವಾಗಕೂಡದು.

ಬಿಡುವಿಗೆ ಇಷ್ಟು ಒತ್ತು ಕೊಡುವುದು ಸೋಮಾರಿತನಕ್ಕೆ ದಾರಿಯಲ್ಲವೇ ಎಂದು ಕೇಳಬಹುದು. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಆತ್ಮದ ಆಲಸ್ಯವನ್ನು ಸಬ್ಬತ್ ಆಜ್ಞೆಗೇ ವಿರುದ್ಧವಾದ ಪಾಪವೆಂದರು. ಅವರ ಪ್ರಕಾರ ಆ ಆಜ್ಞೆ ಕೇಳುವುದು ಮನಸ್ಸು ದೇವರಲ್ಲಿ ನೆಲೆಗೊಳ್ಳಬೇಕೆಂಬುದನ್ನು. ಹಾಗೆ ನೋಡಿದರೆ ಸದಾ ಗಡಿಬಿಡಿಯಲ್ಲಿರುವವರಿಗೂ ಸುಮ್ಮನೆ ಬಿದ್ದುಕೊಂಡವರಿಗೂ ಒಂದೇ ಕೊರತೆ: ಇಬ್ಬರ ಮನಸ್ಸಿಗೂ ನೆಲೆಯಿಲ್ಲ. ಒಂದು ದಿನ ನಾನು ಕೈಕಟ್ಟಿ ಕೂತರೂ ಲೋಕವನ್ನು ನಡೆಸುವವನು ಇದ್ದಾನೆ ಎಂಬ ಭರವಸೆಯೇ ಕ್ರೈಸ್ತ ವಿಶ್ರಾಂತಿಯ ತಿರುಳು.

ಆದ್ದರಿಂದ ವಾರದಲ್ಲೊಂದು ದಿನ ಫೋನನ್ನೂ ಲೆಕ್ಕಪತ್ರಗಳನ್ನೂ ಬದಿಗಿಡಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಭಾನುವಾರ ಯಾರ ದುಡಿಮೆಯ ಮೇಲೆ ನಿಂತಿದೆ ನೋಡಿ. ಅಂದೇ ಹೆಚ್ಚು ಅಡುಗೆ ಬೇಯಿಸುವ ಹೆಂಗಸರು, ಮನೆಗೆಲಸದವರು, ಕಾವಲುಗಾರರು, ಒಂದರ ಹಿಂದೊಂದು ಕೂಟ ನಡೆಸುವ ಸಭಾಪಾಲಕರು, ಇವರೆಲ್ಲ ಆ ಆಜ್ಞೆಯೊಳಗೆ ಸೇರಿದವರೇ. ಮನೆಯ ಕೆಲಸ ಹಂಚಿಕೊಳ್ಳಿ. ನಿಮ್ಮಲ್ಲಿ ದುಡಿಯುವವರಿಗೆ ಸಂಬಳ ಮುರಿಯದೆ ವಾರಕ್ಕೊಂದು ದಿನ ಬಿಡುವು ಕೊಡಿ.