ನೋಹನ ಡೇರೆ ಮತ್ತು ನಮ್ಮ ಫಾರ್ವರ್ಡ್

 

ನಾನು ಬೆಳೆದದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ. ಹಳ್ಳಿಯಲ್ಲಿ ಗುಟ್ಟು ಸಂಜೆವರೆಗೆ ಉಳಿದರೆ ಹೆಚ್ಚು. ಬೆಂಗಳೂರಿಗೆ ಬಂದಾಗ, ಇಲ್ಲಿ ನನ್ನನ್ನು ಯಾರೂ ನೋಡಲ್ಲ ಅಂತ ಹಗುರಾಗಿದ್ದೆ. ಈಗ ನಾವು ಎಲ್ಲಿ ಹೋದ್ವಿ, ಏನು ಹುಡುಕಿದ್ವಿ, ಎಲ್ಲ ಫೋನಿಗೆ ಗೊತ್ತು. ಬಿಟ್ಟು ಬಂದ ಊರೇ ಜೇಬಲ್ಲಿ ಬಂದು ಕೂತಿದೆ!

ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ದೇವರಿಗೆ ಸ್ತೋತ್ರ. ಆದರೆ ಪ್ರಿಯರೇ, ನಮ್ಮ ಹೆಬ್ಬೆರಳನ್ನು ಯಾವ ಕೋರ್ಟು ತಡೆಯುತ್ತೆ?

ನನ್ನ ತಪ್ಪನ್ನೇ ಹೇಳ್ತೀನಿ. ಒಬ್ಬ ತಂಗಿ ಫೋನ್ ಮಾಡಿ, "ಪಾಸ್ಟರ್, ಗರ್ಭ ನಿಲ್ಲಲಿಲ್ಲ, ಪ್ರಾರ್ಥನೆ ಮಾಡಿ" ಅಂತ ಅತ್ತಳು. ನಾನು ಹೆಸರು ಸಮೇತ ಪ್ರಾರ್ಥನಾ ಗ್ರೂಪಿಗೆ ಹಾಕಿದೆ. ಸಂಜೆಯೊಳಗೆ ಅದು ಆಕೆಯ ಗಂಡನ ಮನೆ ಮುಟ್ಟಿತು. ಆಕೆ ಇನ್ನೂ ಅತ್ತೆಗೆ ಹೇಳಿರಲಿಲ್ಲ. "ಪಾಸ್ಟರ್, ನಾನು ಪ್ರಾರ್ಥನೆ ಕೇಳಿದೆ, ಪ್ರಚಾರ ಕೇಳಿದೆನಾ?" ಅಂದಳು. ಮೆಸೇಜ್ ಡಿಲೀಟ್ ಮಾಡಿದೆ. ಜನರ ಬಾಯಿಂದ ಡಿಲೀಟ್ ಮಾಡೋಕೆ ಆಗಲಿಲ್ಲ.

ಆ ರಾತ್ರಿ ಪವಿತ್ರಾತ್ಮನು ನನ್ನನ್ನು ಆದಿಕಾಂಡ 9ಕ್ಕೆ ಕರೆದೊಯ್ದನು. ನೋಹ ಕುಡಿದು ಡೇರೆಯಲ್ಲಿ ಬೆತ್ತಲೆ ಬಿದ್ದಿದ್ದ. ಹಾಮ್ ನೋಡಿದ, ಹೊರಗೆ ಬಂದು ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ, ನಿಜವೇ! ಶೇಮ್, ಯೆಫೆತ್ ಬಟ್ಟೆ ಹಿಡಿದು ಹಿಂದಕ್ಕೆ ನಡೆದು, ನೋಡದೆಯೇ ತಂದೆಯನ್ನು ಮುಚ್ಚಿದರು. ಅಂದು ನಾನು ಹಾಮನಾಗಿದ್ದೆ.

ನಮ್ಮ ದೇವರು ಹೇಗೆ ನೋಡ್ತಾನೆ? ಏದೆನಿನಲ್ಲಿ ಆದಾಮ ಹವ್ವರು ಮರಗಳ ನಡುವೆ ಅಡಗಿದರು. ದೇವರು ಎಲ್ಲವನ್ನೂ ಕಂಡನು. ಕಂಡ ಮೇಲೆ ಚರ್ಮದ ಅಂಗಿ ಮಾಡಿ ತೊಡಿಸಿದನು. ಲೋಕ ನೋಡಿ ಮಾರುತ್ತೆ, ದೇವರು ನೋಡಿ ಮುಚ್ಚುತ್ತಾನೆ. ಆಮೆನ್?

ಆದ್ದರಿಂದ ಯೌವನಸ್ಥರೇ, ಆಧಾರ್ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಾಕಾಗುತ್ತಾ ಕೇಳಿ. ಬೇಡದ ಆ್ಯಪಿಗೆ ಲೊಕೇಶನ್ ಕೊಡಬೇಡಿ. ಇನ್ನೊಬ್ಬರ ಕಣ್ಣೀರು ನಿಮ್ಮ ಫೋನಿಗೆ ಬಂದರೆ, ಅವರನ್ನು ಕೇಳದೆ ಮುಂದಕ್ಕೆ ಕಳಿಸಬೇಡಿ. ಬಾಗಿಲು ಹಾಕಿ, ಮೊಣಕಾಲೂರಿ ತಂದೆಗೆ ಹೇಳಿ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಕೈಗೆ ಶೇಮ್ ಯೆಫೆತರ ಬಟ್ಟೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.